ಮುಂದಿನ ಕಾರಿನ ಫೇಲ್ ಸಾಹೇಬರು

ಫೇಲ್ ಸಾಹೇಬರಿಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ ಅದು ಅವರ ಮೈಗೆ ಕೂತುಬಿಟ್ಟಿತ್ತು. ಡ್ರೈವಿಂಗ್ ಲೈಸೆನ್ಸ್ ಕೊಡುವ ಆಫೀಸಿನಲ್ಲಿ ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್ ಆಗಿಯೇ ಅವರು ತಲೆ ನೆರೆಸಿಕೊಂಡಿದ್ದರು. ಪಕ್ಕದ ಸೀಟಿನಲ್ಲಿ ಹೊಟ್ಟೆಯ ಮೇಲೆ ಕೈಕಟ್ಟಿ ಕೂತರೆಂದರೆ ಸ್ಟೀರಿಂಗ್ ಹಿಡಿದವನ ಅಂಗೈ ಬೆವರುತ್ತಿತ್ತು. ಕನ್ನಡಿ ನೋಡಲಿಲ್ಲವೋ, ಫೇಲ್. ಗೆರೆ ಮುಟ್ಟಿದನೋ, ಫೇಲ್. ಇಳಿಯುವಾಗ ಹಿಂದೆ ನೋಡದೆ ಬಾಗಿಲು ತೆಗೆದನೋ, ಅಲ್ಲಿಯವರೆಗೆ ರಾಜನ ಹಾಗೆ ಓಡಿಸಿದ್ದರೂ ಫೇಲ್. ಲಂಚ ಮುಟ್ಟಿದವರಲ್ಲ, ಯಾರ ಶಿಫಾರಸಿಗೂ ಸೊಪ್ಪು ಹಾಕಿದವರಲ್ಲ. ಯಾರೂ ಕೇಳದಿದ್ದರೂ ಅದನ್ನು ಹೇಳಿಕೊಂಡು ತಿರುಗುವ ಚಟ ಮಾತ್ರ ಇತ್ತು.

ಕೊನೆಗೆ ಆಫೀಸಿಗೆ ಯಂತ್ರ ಬಂತು. ನೆಲದಡಿ ಸೆನ್ಸರ್ ಹೂತರು, ಕಂಬದ ಮೇಲೆ ಕ್ಯಾಮೆರಾ ಕೂರಿಸಿದರು. ಚಕ್ರ ಗೆರೆ ಮುಟ್ಟಿದರೆ ಅದೇ ಕೀಂ ಎಂದು ಕಿರುಚುತ್ತಿತ್ತು, ಸಾಹೇಬರ ಗಂಟಲು ಬೇಕಾಗಿರಲಿಲ್ಲ. ಅವರನ್ನು ಟೋಕನ್ ಕೊಡುವ ಕಿಟಕಿಗೆ ಕೂರಿಸಿದರು. ಒಂದು ಕಾಲಕ್ಕೆ ಅವರೆದುರು ಗಡಗಡ ನಡುಗಿದವರೆಲ್ಲ ಈಗ ಕಿಟಕಿಗೆ ಬಗ್ಗಿ, "ಏನ್ ಸಾರ್, ಇಲ್ಲಿ ಕೂತುಬಿಟ್ರಿ?" ಎಂದು ಹಲ್ಲು ಕಿರಿಯತೊಡಗಿದರು. ಸಾಹೇಬರಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಒಂದು ಮಧ್ಯಾಹ್ನ ಟೋಕನ್ ಕಟ್ಟನ್ನು ಮೇಲಧಿಕಾರಿಯ ಮೇಜಿನ ಮೇಲೆ ಕುಕ್ಕಿ, ರಾಜೀನಾಮೆ ಬರೆದು, ಛತ್ರಿ ಮರೆತು ಮನೆಗೆ ಬಂದರು. ಛತ್ರಿ ತರಲು ಮತ್ತೆ ಹೋಗುವ ಮುಖ ಇರಲಿಲ್ಲ.

ಆಮೇಲೆ ಕೆಲಸ ಹುಡುಕಿದರು. ಗಾಡಿ ಬಿಟ್ಟರೆ ಬೇರೇನೂ ಗೊತ್ತಿಲ್ಲ, ಗಾಡಿಯವರೆಲ್ಲ ಅವರ ಕೈಯಲ್ಲಿ ಪೆಟ್ಟು ತಿಂದವರೇ. ಡ್ರೈವಿಂಗ್ ಸ್ಕೂಲಿನವನು ಬಾಗಿಲಲ್ಲೇ ಕೈ ಮುಗಿದು ಕಳಿಸಿದ. ಮನೆಯಲ್ಲಿ ಕೂತು ಹೆಂಡತಿ ಪಾತ್ರೆ ತೊಳೆಯುವುದರಲ್ಲಿ, ಬಟ್ಟೆ ಮಡಿಸುವುದರಲ್ಲಿ ತಪ್ಪು ಹುಡುಕತೊಡಗಿದಾಗ ಅವಳ ತಾಳ್ಮೆಯ ಕಟ್ಟೆಯೊಡೆಯಿತು.

"ನನ್ನ ತಮ್ಮನ ಕಂಪನೀಲಿ ಮುಂದಿನ ಕಾರಿಗೆ ಜನ ಬೇಕಂತೆ," ಎಂದಳು. "ದೊಡ್ಡ ದೊಡ್ಡ ಸಾಮಾನು ಹೊತ್ಕೊಂಡು ಹೋಗೋ ಟ್ರೇಲರ್ ಇರುತ್ತಲ್ಲ, ಅದರ ಮುಂದೆ ದಾರಿ ನೋಡ್ಕೊಂಡು ಹೋಗೋ ಕಾರು. ನಾನು ಮಾತಾಡಿದೀನಿ. ಒಂದು ಸಲ ಕರ್ಕೊಂಡು ಹೋಗಿ ನೋಡ್ತಾನಂತೆ. ಅವನು ಹೂಂ ಅಂದ್ರೆ ಕೆಲಸ, ಇಲ್ಲಾಂದ್ರೆ ಇಲ್ಲ."

"ಅವನು ನನ್ನ ನೋಡ್ತಾನಾ?"

"ಹೌದು ರೀ. ಈ ಸಲ ಅವನು ನೋಡ್ತಾನೆ, ನೀವು ಓಡಿಸ್ತೀರಿ. ಉಗುಳು ನುಂಗ್ಕೊಂಡು ಹೋಗಿ. ನಿಮಗೋಸ್ಕರ ಅವನ ಹತ್ರ ಬಾಯಿ ತೆರೆಯೋಕೆ ನನಗೆಷ್ಟು ಕಷ್ಟ ಆಯ್ತು ಅಂತ ನಿಮಗೇನು ಗೊತ್ತು."

ಗೊತ್ತಿತ್ತು. ಭಾವಮೈದನನ್ನು ಅವರು ಮೂರು ಸಲ ಫೇಲ್ ಮಾಡಿದ್ದರು. ಹುಡುಗನಿಗೆ ಆಗ ಮೀಸೆ ಚಿಗುರುವ ವಯಸ್ಸು, ಲೈಸೆನ್ಸ್ ತಂದರೆ ನಾಳೆಯೇ ಬಾ ಎಂದು ಒಂದು ಕಾರ್ಖಾನೆ ಕರೆದಿತ್ತು. ಮೊದಲ ಸಲ ಕನ್ನಡಿ, ಎರಡನೇ ಸಲ ಏರಿನಲ್ಲಿ ಗಾಡಿ ಒಂದು ಗೇಣು ಹಿಂದೆ ಸರಿಯಿತು, ಮೂರನೇ ಸಲ ನಿಲ್ಲುವ ಗೆರೆಯ ಮೇಲೆ ಮುಂದಿನ ಚಕ್ರ. ಮೂರನೇ ಸಲದ ಹಿಂದಿನ ಸಂಜೆ ಅತ್ತೆ ಬಂದು ಬಾಗಿಲಲ್ಲೇ ನಿಂತು, ಒಳಗೂ ಬಾರದೆ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬೇಡಿದ್ದರು. ಹೆಂಡತಿ ಅಂದು ಗಂಡನ ಎದುರು ಕೈ ಜೋಡಿಸಿದ್ದಳು. "ನಿಯಮ ಅಂದ್ರೆ ನಿಯಮ," ಎಂದಿದ್ದರು ಸಾಹೇಬರು. ಕಾರ್ಖಾನೆಯ ಕೆಲಸ ಬೇರೆಯವನಿಗೆ ಹೋಯಿತು. ಹುಡುಗ ಬೇರೆ ಊರಿಗೆ ಹೋಗಿ ವರ್ಷಗಟ್ಟಲೆ ಲಾರಿ ತೊಳೆದ, ಟಾರ್ಪಾಲು ಕಟ್ಟಿದ, ಅಲ್ಲೇ ಲೈಸೆನ್ಸ್ ತೆಗೆದ. ಈಗ ಆ ಕಂಪನಿಯ ಅತಿ ದೊಡ್ಡ ಟ್ರೇಲರ್ ಅವನ ಕೈಯಲ್ಲಿತ್ತು. ಅಂದಿನಿಂದ ಭಾವ ಭಾವಮೈದರದ್ದು ಎಣ್ಣೆ ಸೀಗೆಕಾಯಿ ಸಂಬಂಧ.

ಬೆಳಿಗ್ಗೆ ಯಾರ್ಡಿಗೆ ಹೋದಾಗ ಭಾವಮೈದ ಟೈರುಗಳನ್ನು ಒಂದೊಂದಾಗಿ ತಟ್ಟುತ್ತ ಬರುತ್ತಿದ್ದ. ಟ್ರೇಲರಿನ ಮೇಲೆ ಕಾರ್ಖಾನೆಯೊಂದಕ್ಕೆ ಹೋಗಬೇಕಾದ ಉಕ್ಕಿನ ಟ್ಯಾಂಕು ಅಡ್ಡ ಮಲಗಿತ್ತು, ಎರಡಂತಸ್ತಿನ ಮನೆಗೆ ಚಕ್ರ ಕಟ್ಟಿದಂತೆ.

"ಬನ್ನಿ ಭಾವನವರೇ," ಎಂದ, ತಲೆ ಎತ್ತದೆ. "ಕೂತು ಮಾರ್ಕ್ಸ್ ಹಾಕೋ ಕೆಲಸ ಅಲ್ಲ ಇದು. ಬೆನ್ನು ನೋವಾದ್ರೆ ಈಗ್ಲೇ ಹೇಳಿ, ಆಟೋ ಮಾಡಿ ಕಳಿಸ್ತೀನಿ."

"ನನ್ನ ಬೆನ್ನಿನ ಚಿಂತೆ ನಿನಗೆ ಬೇಡ."

"ನನಗ್ಯಾಕೆ? ಅಕ್ಕನಿಗೆ ಚಿಂತೆ."

ಟ್ರೇಲರಿನ ಹಿಂದೆ ಹೋಗುವ ಕಾರಿನ ಹೆಂಗಸು ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಹೀರುತ್ತ ನಗು ತಡೆದುಕೊಂಡಳು. ಯಾರ್ಡಿನವರೆಲ್ಲ ಅವಳನ್ನು ಬಾಲದಕ್ಕ ಎನ್ನುತ್ತಿದ್ದರು. ಎಷ್ಟೋ ವರ್ಷ ಬಾಲದಲ್ಲೇ ಓಡಿಸಿ, ಜಗತ್ತನ್ನೆಲ್ಲ ಹಿಂದಿನಿಂದಲೇ ಕಂಡವಳು. ಸಾಹೇಬರಿಗೆ ಕೆಲಸ ಹೇಳಿಕೊಟ್ಟವಳೂ ಅವಳೇ.

"ನಿಮ್ಮ ಬಂಪರ್‌ನಲ್ಲಿ ಬಳುಕೋ ಕೋಲು ನಿಲ್ಲಿಸಿದೀವಲ್ಲ, ಅದು ಟ್ಯಾಂಕಿಗಿಂತ ಒಂದು ಗೇಣು ಎತ್ತರ. ದಾರೀಲಿ ತಂತಿ, ಕೊಂಬೆ, ಸೇತುವೆ, ಏನೇ ಬರಲಿ, ಮೊದಲು ಕೋಲಿಗೆ ತಾಗ್ಬೇಕು. ತಾಗಿದ್ರೆ ಈ ವಾಕಿಟಾಕಿಯಲ್ಲಿ 'ತಾಗಿತು' ಅನ್ನಿ, ದಾಟಿದ್ರೆ 'ದಾಟಿತು' ಅನ್ನಿ. ನೀವು ಅಂದಿದ್ದನ್ನ ಅವನು ತಿರುಗಿ ಅನ್ಬೇಕು, ಅವನು ಅಂದಿದ್ದನ್ನ ನೀವು ತಿರುಗಿ ಅನ್ಬೇಕು. ತಿರುಗಿ ಅನ್ನದೆ ಇದ್ದದ್ದು ಆಡಿದ ಮಾತೇ ಅಲ್ಲ. ಎತ್ತರ ನಿಮ್ಮ ಜವಾಬ್ದಾರಿ, ಹಿಂದೆ ಪಕ್ಕ ಎಲ್ಲ ನನ್ನದು. ಸಂಜೆ ನಮ್ಮ ಕಂಪನಿ ಮಾಲೀಕರು ಕಾರ್ಖಾನೆ ಗೇಟಲ್ಲಿ ನಿಂತು ಕೇಳ್ತಾರೆ, ಅವರವರದ್ದು ಅವರವರು ಹೇಳ್ಬೇಕು."

"ಗಂಡ ಹೆಂಡ್ತಿ ಜಗಳ ಆಡಿದ್ರೂ ವಾಕಿಯಲ್ಲಿ ತಿರುಗಿ ಹೇಳ್ಲೇಬೇಕು," ಎಂದು ಸೇರಿಸಿದಳು. "ನಿಮ್ಮದು ಅದಕ್ಕಿಂತ ಕಷ್ಟ ಅನ್ನಿ."

ಹೊರಟರು. ಸಾಹೇಬರು ಮುಂದೆ, ತಲೆಯ ಮೇಲೆ ಹಳದಿ ದೀಪ ತಿರುಗಿಸಿಕೊಂಡು. ಹಿಂದೆ ಕೂಗಳತೆಗೂ ದೂರದಲ್ಲಿ ಟ್ಯಾಂಕು, ಅದರ ಹಿಂದೆ ಬಾಲದಕ್ಕ. ಜೀವಮಾನವೆಲ್ಲ ಪಕ್ಕದ ಸೀಟಿನಲ್ಲಿ ಕೂತು ಇನ್ನೊಬ್ಬರ ಕಾಲು ನೋಡಿದವರಿಗೆ ಈಗ ತಮ್ಮ ಕಾಲನ್ನು ಇನ್ನೊಬ್ಬರು ನೋಡುತ್ತಿದ್ದಾರೆ ಎನ್ನುವುದು ಬೆನ್ನಿನಲ್ಲಿ ಮುಳ್ಳಾಡಿಸಿದ ಹಾಗಿತ್ತು.

"ಮುಂದೆ ತಂತಿ. ದಾಟಿತು."

"ದಾಟಿತು," ಎನ್ನುತ್ತಿತ್ತು ವಾಕಿ, ಆಕಳಿಸಿದಂತೆ. ಅಥವಾ, "ದಾಟಿತು, ಕನ್ನಡಿ ನೋಡಿದ್ರಾ ಭಾವನವರೇ?" ಅಥವಾ, "ದಾಟಿತು, ಬ್ರೇಕ್ ದೀಪ ಯಾಕೆ ಉರೀತಿದೆ? ಭಯಾನಾ? ನಮ್ಮ ಕಾಲದಲ್ಲಿ ಅದಕ್ಕೆ ಫೇಲ್ ಮಾಡ್ತಿದ್ರಪ್ಪ ಒಬ್ರು." ಬಾಲದಕ್ಕ ನಡುವೆ ಬಾಯಿ ಹಾಕಿ, "ಇಬ್ರೂ ರೋಡ್ ನೋಡಿ ಸ್ವಲ್ಪ," ಎನ್ನುತ್ತಿದ್ದಳು.

ಸಾಹೇಬರು ಹಲ್ಲು ಕಚ್ಚಿ ಸಹಿಸಿದರು. ಕೆಲಸ ಬೇಕಿತ್ತು. ಇದೂ ತಪ್ಪಿದರೆ ಇನ್ನು ಮನೆಯಲ್ಲಿ ಹೆಂಡತಿ ಮಡಿಸಿದ ಬಟ್ಟೆ ನೋಡಿಕೊಂಡೇ ಸಾಯಬೇಕು ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಷ್ಟೇ ಅಲ್ಲ, ಒಪ್ಪಿಕೊಳ್ಳಲು ಹೊಟ್ಟೆ ಉರಿದರೂ ಇನ್ನೊಂದು ಮಾತು ನಿಜ. ತಿರುವುಗಳಲ್ಲಿ ಕನ್ನಡಿಯಲ್ಲಿ ನೋಡಿದರೆ ಆ ಎರಡಂತಸ್ತಿನ ಉಕ್ಕು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಬರುತ್ತಿತ್ತು. ಹುಡುಗ ಓಡಿಸುವುದನ್ನು ಕಲಿತಿದ್ದ.

ಮಧ್ಯಾಹ್ನದ ಹೊತ್ತಿಗೆ ಗೂಡ್ಸ್ ಗಾಡಿ ಮಾತ್ರ ಓಡುವ ಒಂದು ರೈಲ್ವೆ ಗೇಟ್ ಬಂತು. ಹಳಿಯ ಹತ್ತಿರ ರಸ್ತೆ ಆಮೆಯ ಬೆನ್ನಿನ ಹಾಗೆ ಉಬ್ಬಿತ್ತು. ಹಾಗೇ ಹೋದರೆ ಟ್ರೇಲರಿನ ಹೊಟ್ಟೆ ಹಳಿಗೆ ತಾಗುತ್ತದೆ, ಆದ್ದರಿಂದ ಡ್ರೈವರ್ ಇಳಿದು, ಪಕ್ಕದ ಹಿಡಿ ಎಳೆದು, ಇಡೀ ಟ್ರೇಲರನ್ನು ಅದರ ಚಕ್ರಗಳ ಮೇಲೆಯೇ ಒಂದು ಮೊಳ ಎತ್ತಬೇಕು. ದಾಟಿದ ಮೇಲೆ ಮತ್ತೆ ಇಳಿಸಬೇಕು. ಎತ್ತಿದಾಗ "ಎತ್ತಿದೆ", ಇಳಿಸಿದಾಗ "ಇಳಿಸಿದೆ" ಎನ್ನಬೇಕು. ಇಳಿಸದೆ ಓಡಿಸುವುದು ಆ ಕಂಪನಿಯಲ್ಲಿ ಕ್ಷಮೆಯಿಲ್ಲದ ತಪ್ಪು.

"ಎತ್ತಿದೆ," ಎಂದ ಭಾವಮೈದ.

"ಎತ್ತಿದೆ," ಎಂದರು ಸಾಹೇಬರು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಕನ್ನಡಿಯಲ್ಲಿ ನೋಡಿದರೆ ಟ್ರೇಲರಿನ ಮೂತಿ ಗೇಟಿನ ಮುಂದಿನ ಬಿಳಿ ಗೆರೆಯನ್ನು ದಾಟಿ ನಿಂತಿತ್ತು. ಬೆಳಿಗ್ಗೆಯಿಂದ ನುಂಗಿದ್ದೆಲ್ಲ ಗಂಟಲಿಗೆ ಬಂತು. "ಇನ್ನೂ ಗೆರೆ ಮೇಲೇ ನಿಲ್ಲಿಸ್ತೀಯಲ್ಲೋ. ಅವತ್ತೂ ಅದೇ, ಇವತ್ತೂ ಅದೇ."

"ಏನಂದ್ರಿ?" ಎಂದ ಅವನು. ದನಿಯಲ್ಲಿ ತಮಾಷೆ ಇರಲಿಲ್ಲ. "ಆ ಗೆರೆಗೋಸ್ಕರ ನನ್ನ ಎಷ್ಟು ವರ್ಷ ತಿಂದ್ರಿ ಗೊತ್ತಾ ನಿಮಗೆ? ಕಂಡೋರ ಲಾರಿ ತೊಳೆದು ನನ್ನ ಕೈ ಬೆರಳ ಸಂದೆಲ್ಲ ಕೊಳೆತಿತ್ತು. ಬಾಯಿ ಮುಚ್ಕೊಂಡು ಮುಂದೆ ಹೋಗಿ. ಇನ್ನೊಂದು ಮಾತಾಡಿದ್ರೆ ಇಲ್ಲೇ ಇಳಿಸಿ ಕಳಿಸ್ತೀನಿ."

"ಸಾಕು ಮಾಡ್ರಪ್ಪಾ," ಎಂದಳು ಬಾಲದಕ್ಕ.

ಟ್ರೇಲರ್ ಉಬ್ಬು ಹತ್ತಿ ಇಳಿಯಿತು. ಸಾಹೇಬರ ಕಿವಿ ಬಿಸಿಯಾಗಿ ಗುಂಯ್ ಎನ್ನುತ್ತಿತ್ತು. ಗೇಟು ಹಿಂದೆ ಬಿತ್ತು, ಅಂಗಡಿ ಸಾಲು ಹಿಂದೆ ಬಿತ್ತು. "ಇಳಿಸಿದೆ" ಎನ್ನುವ ಮಾತು ಬರಲಿಲ್ಲ ಎನ್ನುವುದು ಅವರ ಗಮನಕ್ಕೆ ಬಂದಿರಲಿಲ್ಲ ಎಂದಲ್ಲ. ಬಂದಿತ್ತು. ಬಾಯಿ ಮುಚ್ಚಿಕೊಂಡು ಹೋಗು ಎಂದವನನ್ನು ನಾನ್ಯಾಕೆ ಕೇಳಲಿ, ಇಳಿಸಿರುತ್ತಾನೆ, ದೊಡ್ಡ ಡ್ರೈವರ್ ಅಲ್ಲವೇ, ಎಂದು ತುಟಿ ಬಿಗಿದುಕೊಂಡು ಹೋದರು.

ಮುಂದೆ ಮೇಲ್ಸೇತುವೆ ಇತ್ತು. ಸಾಹೇಬರು ನಿಧಾನ ಮಾಡಿ ಅದರಡಿ ನುಗ್ಗಿದರು, ಹಿಂದೆ ಟ್ಯಾಂಕೂ ತೀರ ಹತ್ತಿರ ಬಂದಿತ್ತು. ಕೋಲಿನ ತುದಿ ಸೇತುವೆಯ ತಳದಿಂದ ನಾಲ್ಕು ಬೆರಳು ಕೆಳಗೆ, ಎಲ್ಲಿಯೂ ತಾಗದೆ, ಜಾರಿಹೋಯಿತು. ವಾಕಿ ಬಾಯಿಗೆ ಹಿಡಿದರು. "ದಾಟಿತು" ಎನ್ನುವ ಮಾತು ನಾಲಿಗೆಯ ಮೇಲಿತ್ತು. ಅಷ್ಟರಲ್ಲಿ ಗೇಟಿನ ಹತ್ತಿರ ಕೇಳದೆ ಬಿಟ್ಟ "ಇಳಿಸಿದೆ" ನೆನಪಾಯಿತು. ಕೋಲು ಟ್ಯಾಂಕಿಗಿಂತ ಒಂದು ಗೇಣು ಹೆಚ್ಚು, ಸರಿ. ಟ್ಯಾಂಕು ಒಂದು ಮೊಳ ಮೇಲೆದ್ದಿದ್ದರೆ?

"ನಿಲ್ಲು! ನಿಲ್ಲು!"

"ತಾಗ್ತಾ?"

"ಇಲ್ಲ, ಕೋಲು ದಾಟಿ—ನಿಲ್ಲೋ ಮಾರಾಯ! ಇಳಿಸಿದ್ಯಾ?"

ಬ್ರೇಕುಗಳ ಗಾಳಿ ಬುಸ್ಸೆಂದ ಸದ್ದು ಸೇತುವೆಯಡಿ ತುಂಬಿಕೊಂಡಿತು. ಸಾಹೇಬರು ಕಾರು ಬಿಟ್ಟು ಹಿಂದಕ್ಕೆ ಓಡಿದರು. ಟ್ಯಾಂಕಿನ ಗುಂಡನೆ ಹಣೆ ಸೇತುವೆಯ ತೊಲೆಗೆ ಒಂದು ತೋಳಿನಷ್ಟು ದೂರದಲ್ಲಿ, ಅದಕ್ಕಿಂತ ಎತ್ತರದಲ್ಲಿ, ನಿಂತಿತ್ತು. ಸೇತುವೆಯ ಮೇಲೆ ಶಾಲೆಯ ಬಸ್ಸೊಂದು ಹೋಗುತ್ತಿತ್ತು, ಏನೂ ಗೊತ್ತಿಲ್ಲದೆ.

ಭಾವಮೈದ ಆಗಲೇ ಇಳಿದು ಹಿಡಿಯ ಹತ್ತಿರ ಬಗ್ಗಿದ್ದ. ಹಿಡಿ ಎರಡು ಸಲ ಜಾರಿತು. ಟ್ಯಾಂಕು ಉಸಿರು ಬಿಡುತ್ತ ಕೆಳಗಿಳಿಯಿತು. ಅವನು ನೆಟ್ಟಗಾದಾಗ ಮುಖದಲ್ಲಿ ಒಂದು ತೊಟ್ಟು ರಕ್ತ ಇರಲಿಲ್ಲ.

"ಇಳಿಸಿದೆ," ಎಂದ, ವಾಕಿಯಲ್ಲಲ್ಲ, ಎದುರಿಗೇ.

"ಇಳಿಸಿದೆ," ಎಂದರು ಸಾಹೇಬರು.

"ನೋಡಿದ್ರಲ್ಲ. ಸಂಜೆ ಮಾಲೀಕರು ಕೇಳ್ತಾರೆ. ಹೇಳಿ. ನೀವು ಹೇಳೇ ಹೇಳ್ತೀರಿ, ನಿಮ್ಮ ಕೈಲಿ ಹೇಳದೆ ಇರೋಕೆ ಆಗಲ್ಲ." ಬೇಡಿಕೊಳ್ಳುವ ದನಿಯಾಗಿರಲಿಲ್ಲ ಅದು. ಉಗುಳುವ ದನಿ. ಕ್ಯಾಬಿನ್ ಹತ್ತಿ ಬಾಗಿಲು ಧಡ್ ಎಂದು ಹಾಕಿಕೊಂಡ.

ಆಮೇಲಿನ ದಾರಿಯಲ್ಲಿ ತಂತಿ, ದಾಟಿತು, ದಾಟಿತು, ಅಷ್ಟೇ. ಒಂದು ಕೊಂಕು ಮಾತಿಲ್ಲ. ಬೈಯುತ್ತಿದ್ದಾಗಲೇ ಚೆನ್ನಾಗಿತ್ತು ಎನಿಸಿತು ಸಾಹೇಬರಿಗೆ.

ಸಂಜೆ ಬಿಸಿಲು ಇಳಿಯುವ ಮುಂಚೆ ಕಾರ್ಖಾನೆ ತಲುಪಿದರು. ಮಾಲೀಕರು ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ನೋಯುವ ಮೊಣಕಾಲು ನೀಡಿಕೊಂಡು ಕೂತಿದ್ದರು. ಹಿಂದೆ ತಾವೇ ಟ್ರೇಲರ್ ಓಡಿಸಿದವರು, ಹೆಚ್ಚು ಮಾತಿನವರಲ್ಲ.

"ಹಿಂದೆ?"

"ಹಿಂದೆ ಎಲ್ಲ ಸರಿ," ಎಂದಳು ಬಾಲದಕ್ಕ, ತನ್ನ ಚಪ್ಪಲಿ ನೋಡಿಕೊಂಡು.

ಮಾಲೀಕರು ಡ್ರೈವರ್ ಕಡೆ ತಿರುಗಿದರು. "ಹೊಸಬರು ಹೇಗೆ? ಬೇಕಾ, ಬೇಡ್ವಾ?"

ಪರೀಕ್ಷೆ ಮುಗಿಸಿದವರು ಹೊರಗೆ ಬೆಂಚಿನ ಮೇಲೆ ಕೂತು ತಮ್ಮ ಮುಖವನ್ನೇ ದಿಟ್ಟಿಸುತ್ತಿದ್ದುದು ಯಾಕೆಂದು ಈ ವಯಸ್ಸಿನಲ್ಲಿ ಸಾಹೇಬರಿಗೆ ಗೊತ್ತಾಯಿತು. ಒಂದು ಮಾತಿನಲ್ಲಿ ಇವನು ಹಳೆಯದೆಲ್ಲ ತೀರಿಸಿಕೊಳ್ಳಬಹುದಿತ್ತು. ಯಾರೂ ಯಾಕೆಂದು ಕೇಳುತ್ತಿರಲಿಲ್ಲ.

"ನನಗೆ ಇವರನ್ನ ಕಂಡ್ರೆ ಆಗಲ್ಲ," ಎಂದ ಭಾವಮೈದ. "ಮುಖ ನೋಡಿದ್ರೆ ಮೈಯೆಲ್ಲ ಉರಿಯುತ್ತೆ. ಆದ್ರೆ ಕಣ್ಣು ಚುರುಕಾಗಿದೆ, ಸಮಯಕ್ಕೆ ನಿಲ್ಲಿಸ್ತಾರೆ. ಕೆಲಸಕ್ಕೆ ಬೇಕು. ಇರ್ಲಿ."

ಸಾಹೇಬರಿಗೆ ಕಣ್ಣು ಮಂಜಾಯಿತು. ಹೀಗಾಗುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

"ಎತ್ತರ?" ಎಂದರು ಮಾಲೀಕರು. ಪ್ರಶ್ನೆ ಈಗ ಸಾಹೇಬರಿಗೆ.

ಬೇರೆ ಯಾವ ದಿನವಾಗಿದ್ದರೂ ಉತ್ತರ ತಾನಾಗಿ ಬಂದುಬಿಡುತ್ತಿತ್ತು. ಅಂದು ಮಾತ್ರ ಬಾಗಿಲಲ್ಲಿ ನಿಂತು ಅತ್ತ ಅತ್ತೆ ಕಣ್ಣಿಗೆ ಕಟ್ಟಿದರು, ಕೈ ಜೋಡಿಸಿದ ಹೆಂಡತಿ ಕಂಡಳು. ತಾನು ಹೇಳಿದರೆ ಇವನ ಕೈಯಿಂದ ಈ ಟ್ರೇಲರ್ ಹೋಗುತ್ತದೆ, ಇನ್ನೊಮ್ಮೆ, ತನ್ನ ಬಾಯಿಂದಲೇ. ತಾನೂ ಗೇಟಿನ ಹತ್ತಿರ ಬೇಕೆಂತಲೇ ಸುಮ್ಮನಿದ್ದ ಸಂಗತಿಯೂ ಆಗ ಬಾಯಿಗೆ ಬರಬೇಕಾಗುತ್ತದೆ ಎನ್ನುವುದನ್ನು ಅವರು ತಮಗೆ ತಾವೇ ಮೆಲ್ಲಗೆ ಮುಚ್ಚಿಟ್ಟುಕೊಂಡರು. ಒಂದು ಸಲ, ಒಂದೇ ಒಂದು ಸಲ, ದೊಡ್ಡ ಮನಸ್ಸು ಮಾಡಿದರೆ ಏನಂತೆ?

"ಏನೂ ಇಲ್ಲ," ಎಂದರು ಸಾಹೇಬರು. "ಎಲ್ಲ ಸಲೀಸಾಗಿ ದಾಟಿತು."

ಮಾಲೀಕರು ತಲೆಯಾಡಿಸಿದರು. ಬಾಲದಕ್ಕ ಚಪ್ಪಲಿಯಿಂದ ಕಣ್ಣೆತ್ತಿ ಸಾಹೇಬರನ್ನು ನೋಡಿದಳು, ಮತ್ತೆ ಚಪ್ಪಲಿ ನೋಡಿದಳು. ಭಾವಮೈದ ಮಾತ್ರ ಬೆನ್ನು ತಿರುಗಿಸಿ ಟ್ರೇಲರಿನ ಆಚೆ ಬದಿಗೆ ಹೋದ.

ಸಾಹೇಬರು ಹಿಂದೆಯೇ ಹೋದರು. ಮೈ ಹಗುರವಾಗಿತ್ತು. ಉಪಕಾರ ಮಾಡುವುದು ಇಷ್ಟು ಸುಖವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇವನು ಕೈ ಹಿಡಿದುಕೊಂಡು ಅತ್ತರೂ ಅತ್ತಾನು, ಆಗ ಏನು ಹೇಳಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದರು. ಅವನು ಸರಪಳಿ ಬಿಚ್ಚುತ್ತಿದ್ದವನು ನಿಲ್ಲಿಸಿದ.

"ಯಾಕೆ ಹೇಳ್ಲಿಲ್ಲ?"

"ಹೋಗ್ಲಿ ಬಿಡು. ಆಗಿದ್ದಾಯ್ತು. ನಾವು ನಾವು—"

"ಯಾವ ನಾವು?" ಸರಪಳಿ ಕೈಯಿಂದ ಬಿತ್ತು. "ನಮ್ಮಮ್ಮ ನಿಮ್ಮ ಬಾಗಿಲಿಗೆ ಬಂದು ಅತ್ತಳಲ್ಲ, ಅವತ್ತು ರಾತ್ರಿ ಅವಳನ್ನ ಸಮಾಧಾನ ಮಾಡಿದ್ದು ಯಾರು ಗೊತ್ತಾ? ನಾನು. 'ಸುಮ್ನಿರಮ್ಮ, ಭಾವ ಕೆಟ್ಟೋರಲ್ಲ, ಅವರ ಕೈಲಿ ಸುಳ್ಳು ಆಗಲ್ಲ, ದೇವರು ಬಂದು ಕೂತ್ರೂ ಫೇಲ್ ಮಾಡ್ತಾರೆ' ಅಂದೆ. ಲಾರಿ ತೊಳೀವಾಗೆಲ್ಲ ಅದನ್ನೇ ಹೇಳ್ಕೊಂಡೆ. ಅವರು ಬಂಡೆ, ಬಂಡೆಗೆ ತಲೆ ಚಚ್ಚಿಕೊಂಡು ಏನು ಪ್ರಯೋಜನ ಅಂತ. ಅದೊಂದು ನಂಬಿಕೊಂಡು ಇಷ್ಟು ವರ್ಷ ನಿಮ್ಮ ಮೇಲೆ ಕೈ ಮಾಡದೆ ಇದ್ದೆ."

"ಈಗ ನಿನಗೋಸ್ಕರಾನೇ..."

"ಹಾಗಾದ್ರೆ ಆಗ್ಲೂ ಆಗ್ತಿತ್ತು! ನಿಮ್ಮ ಕೈಲಿ ಆಗ್ತಿತ್ತು ಭಾವ! ಒಂದು ಚಕ್ರ, ಒಂದು ಗೆರೆ. ಅವತ್ತು ನೀವು ಬಿಡಬಹುದಿತ್ತು. ಇವತ್ತು ಮಕ್ಕಳ ಬಸ್ಸಿನ ಕೆಳಗೆ ಟ್ಯಾಂಕು ನುಗ್ಗಿಸ್ತಿದ್ದೆ ನಾನು, ಇದನ್ನ ಬಿಟ್ರಿ. ಅದನ್ನ ಬಿಡ್ಲಿಲ್ಲ. ನಿಯಮ ಅಲ್ಲ ಅದು. ಮನಸ್ಸಿರ್ಲಿಲ್ಲ ನಿಮಗೆ, ಅಷ್ಟೇ."

ಅವನು ಸಾಹೇಬರ ಪಕ್ಕದಿಂದ ಹಾದು ಬಿರಬಿರನೆ ಗೇಟಿನ ಕಡೆ ನಡೆದ. ಅವರು ಓಡಿ ಹಿಡಿಯುವಷ್ಟರಲ್ಲಿ ಅವನ ಮಾತು ಅರ್ಧ ಮುಗಿದಿತ್ತು.

"...ರೈಲ್ವೆ ಗೇಟಲ್ಲಿ ಎತ್ತಿದ್ದನ್ನ ಇಳಿಸೋಕೆ ಮರೆತೆ. ಸೇತುವೆ ತನಕ ಹಾಗೇ ತಂದೆ. ಇವರು ನಿಲ್ಲಿಸದೇ ಇದ್ದಿದ್ರೆ ಗುದ್ದೇ ಗುದ್ದುತ್ತಿದ್ದೆ. ಏನೂ ಇಲ್ಲ ಅಂತ ನಿಮಗೆ ಹೇಳಿದ್ದು ಸುಳ್ಳು."

ಮಾಲೀಕರು ನೀಡಿದ್ದ ಕಾಲು ಎಳೆದುಕೊಂಡು ನೆಟ್ಟಗೆ ಕೂತರು. ಆಮೇಲೆ ಸಾಹೇಬರ ಮುಖ ನೋಡಿ, "ಹೌದಾ?" ಎಂದರು.

"ಹೌದು," ಎಂದರು ಸಾಹೇಬರು.

"ನೀನು ನಾಳೆಯಿಂದ ಸಣ್ಣ ಲಾರಿ," ಎಂದರು ಮಾಲೀಕರು ಡ್ರೈವರ್‌ಗೆ. "ಯಾವಾಗ ಮತ್ತೆ ಇದನ್ನ ಕೊಡ್ತೀನೋ ಆಗ ಹೇಳ್ತೀನಿ." ಸಾಹೇಬರ ಕಡೆ ಅಂಗೈ ಚಾಚಿದರು. "ಕಾರಿನ ಕೀ ಕೊಡಿ. ಮುಂದೆ ಕೂತವರ ಮಾತು ನಂಬೋ ಹಾಗಿಲ್ಲ ಅಂದ್ರೆ ಹಿಂದೆ ಬರೋರು ಹೇಗೆ ಬರ್ತಾರೆ?"

ಸಾಹೇಬರು ಕೀ ಕೊಟ್ಟರು. ಅಷ್ಟು ವರ್ಷ ಅಷ್ಟು ಜನರಿಗೆ ಮುಖದ ಮೇಲೆ ಹೊಡೆದಂತೆ ತೀರ್ಪು ಹೇಳಿದವರಿಗೆ, ಅದನ್ನು ಕೇಳಿಸಿಕೊಂಡ ಮೇಲೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಪ್ಯಾಂಟಿನ ಜೇಬಿಗೆ ಹಾಕಿದರು, ತೆಗೆದರು. ಬಾಲದಕ್ಕ ತನ್ನ ಕಾರಿನತ್ತ ಹೋದಳು.

ಟ್ಯಾಂಕು ಇಳಿಸಿ ಆಗುವಾಗ ಕತ್ತಲಾಗುತ್ತಿತ್ತು. ಖಾಲಿ ಟ್ರೇಲರಿನ ಎಂಜಿನ್ ಗುರುಗುಟ್ಟಿತು. ಕಾಂಪೌಂಡಿನ ಪಕ್ಕ ಒಬ್ಬರೇ ನಿಂತಿದ್ದ ಸಾಹೇಬರ ಎದುರು ಅದು ಬಂದು ನಿಂತಿತು, ಮೇಲಿನಿಂದ ಬಾಗಿಲು ತೆರೆಯಿತು.

"ಹತ್ತಿ. ಮನೆ ತನಕ ಬಿಡ್ತೀನಿ," ಎಂದ ಭಾವಮೈದ, ಅವರ ಕಡೆ ನೋಡದೆ.

ಸಾಹೇಬರು ಮೆಟ್ಟಿಲಿಗೆ ಕಾಲಿಟ್ಟು, ಕಂಬಿ ಹಿಡಿದು, ತೇಕುತ್ತ ಹತ್ತಿ, ಜೀವಮಾನವೆಲ್ಲ ಕೂತ ಪಕ್ಕದ ಸೀಟಿನಲ್ಲೇ ಕೂತರು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು, "ನಿಮ್ಮಕ್ಕನಿಗೆ..."

"ನೀವೇ ಹೇಳಿ," ಎಂದ ಅವನು. "ನೀವು ಸುಳ್ಳು ಹೇಳಿದ್ರಿ ಅಂತ ನಾನು ಹೇಳಿದ್ರೆ ಅವಳು ನಂಬಲ್ಲ."